ಇರುವೆ ಸಾಕಿದ ಹೇನು

ಅಕ್ಕನಿಗೆ ನಮಸ್ಕಾರ.

ನಾನು ದುಡಿಯುವ ಗಾಜಿನ ಮನೆಯ ಸೌತೆಬಳ್ಳಿಗಳ ತುಂಬ ಗಿಡದ ಹೇನು. ಅವನ್ನು ತಿನ್ನಲೆಂದು ನಾವು ಬಿಟ್ಟ ಗುಲಗಂಜಿ ಹುಳುಗಳನ್ನು ಇರುವೆಗಳು ಕಚ್ಚಿ ಓಡಿಸುತ್ತಿವೆ! ಹೇನು ಒಸರುವ ಸಿಹಿರಸ ಇರುವೆಗಳಿಗೆ ಬೇಕಂತೆ.

"ಇವು ಕಾಯ್ತವೆ, ಅವು ಕೊಡ್ತವೆ. ಇಬ್ಬರಿಗೂ ಲಾಭ," ಎಂದರು ಮೇಸ್ತ್ರಿ.

"ಹೇನಿನ ತಾಯೀನ ಯಾರಾದ್ರೂ ಕೇಳಿದ್ರಾ?" ಎಂದೆ. ನಕ್ಕುಬಿಟ್ಟರು.

ನನ್ನ ಮಗಳನ್ನು ನೀನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಿದ್ದೀಯ, ಇಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ನಾನು ಫೋನ್ ಮಾಡಿದಾಗ ಅವಳು ನಿನ್ನ ಮಡಿಲು ಬಿಟ್ಟು ಮಾತಿಗೂ ಬರಲಿಲ್ಲವಲ್ಲ, ನನ್ನ ಹೊಟ್ಟೆ ಉರಿದುಹೋಯಿತು.

ನನ್ನ ಕೈಯ ತುರಿಕೆ ಈಗ ವಾಸಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅವಳಿಗೆ ಜಡೆ ಹಾಕುವಾಗ ಒಂದು ಸಲ ಬಿಗಿಯಾಗಿ ಎಳೆ ಅಕ್ಕ. ನೋವಿಗಾದರೂ "ಅಮ್ಮಾ" ಎನ್ನಲಿ.

ನಿನ್ನ ತಂಗಿ