ಅಂಗಳದಲ್ಲಿ ನಿಂತ ಮೋಟಾರ್ ಸೈಕಲ್ಲು

ಕೊಪ್ಪ, ಮದ್ದೂರು ತಾಲ್ಲೂಕು,
ಭಾನುವಾರ, 9 ನವೆಂಬರ್ 2025

ಮುದ್ದಿನ ಮಗಳು ದೀಪಿಕಾಗೆ,

ನಿನ್ನ ಅಮ್ಮನ ಮನಸ್ಸು ತುಂಬಿದ ಆಶೀರ್ವಾದ. ಜೊತೆಗೆ ಒಂದಿಷ್ಟು ಬೈಗುಳವೂ ಇದೆ. ತೂಬಿನಕೆರೆಯ ನಿಮ್ಮ ಕಾರ್ಖಾನೆಯಿಂದ ಕೊಪ್ಪಕ್ಕೆ ಬರಲು ನಿನಗೆ ದೀಪಾವಳಿಗೂ ಪುರುಸೊತ್ತು ಸಿಗಲಿಲ್ಲ. ಫೋನು ಮಾಡಿದರೆ ನಾನು ಬಾಯಿ ತೆರೆಯುವಷ್ಟರಲ್ಲಿ 'ಮೀಟಿಂಗು ಅಮ್ಮ' ಅನ್ನುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದರ ನಡುವೆ ಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲ. ಬೆಳಗಿನ ಹಾಲು ಅಳೆಸಿಕೊಂಡು ಡೇರಿಗೆ ಬೀಗ ಹಾಕಿ ಬಂದಿದ್ದೇನೆ. ಸಂಜೆ ಹಾಲಿನ ಹೊತ್ತಿಗೆ ಮುಗಿಸುತ್ತೇನೆ.

ಮನೆಯಲ್ಲಿ ಎಲ್ಲ ಕ್ಷೇಮ. ಬೀರುವಿನಲ್ಲಿದ್ದ ನಿನ್ನ ಹಳೇ ಚೂಡಿದಾರಗಳನ್ನು ಬೇಕಾದವರೊಬ್ಬರಿಗೆ ಕೊಟ್ಟೆ, ಬಂದಾಗ ಹುಡುಕಬೇಡ. ಹೋದ ತಿಂಗಳು ಮಂಡ್ಯಕ್ಕೆ ಬಂದವಳು ನಿನ್ನನ್ನು ನೋಡದೆ ವಾಪಸು ಹೋದೆ ಎಂದು ಮುನಿಸಿಕೊಂಡಿದ್ದೀಯಂತೆ. ಕಣ್ಣು ತೋರಿಸುವುದಿತ್ತು, ತಡವಾಗಿಬಿಟ್ಟಿತು. ಕಣ್ಣು ಚೆನ್ನಾಗಿದೆ ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ವಾಹನ ಮೇಳದಲ್ಲಿ ನೀವು ಮಾಡಿರುವ ಕರೆಂಟಿನ ಮೋಟಾರ್ ಸೈಕಲ್ಲನ್ನು ಪ್ರದರ್ಶನಕ್ಕೆ ಇಡಬೇಕೋ ಬೇಡವೋ, ಶುಕ್ರವಾರದೊಳಗೆ ಹೇಳಬೇಕು, ಅಮ್ಮ ನೀನೇನಂತೀಯ ಎಂದು ಕೇಳಿದೆಯಲ್ಲ. ದಿನವೂ ಹಾಲಿನ ಫ್ಯಾಟು ನೋಡುವವಳನ್ನು ಕೇಳುವ ಪ್ರಶ್ನೆಯೇ ಇದು? ಆದರೂ ಕೇಳಿದೆ ಅನ್ನುವುದೇ ನನಗೆ ಹಿಗ್ಗು. ಆವತ್ತಿನಿಂದ ಒಲೆ ಮುಂದೆ ಕೂತರೂ ಅದೇ ಯೋಚನೆ, ಕ್ಯಾನು ತೊಳೆದರೂ ಅದೇ ಯೋಚನೆ. ಹೆಸರೇ ಗೊತ್ತಿಲ್ಲದ ಸಣ್ಣ ಕಂಪನಿ ನಿಮ್ಮದು. ಮೇಳದಲ್ಲಿ ನಗೆಪಾಟಲಾದರೆ ಮತ್ತೆ ಏಳುವುದು ಕಷ್ಟ, ಹೋಗದೆ ಉಳಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ ಅಂತ ನೀನೇ ಹೇಳಿದೆ. ನಿದ್ದೆಗೆಟ್ಟವಳ ದನಿ ನಿನ್ನದು.

ಅಭಿಪ್ರಾಯ ಹೇಳುವ ಮುಂಚೆ ವಿಚಾರಿಸಿಕೊಳ್ಳಬೇಕಲ್ಲ. ಅದಕ್ಕೆ ನಿನ್ನ ಪಾಲುದಾರ ತೇಜುಗೇ ಫೋನು ಮಾಡಿದೆ. ಪಾಪ, ನಿನ್ನಷ್ಟು ಜೋರಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮೇಳದಲ್ಲಿ ಗಾಡಿಯನ್ನು ಓಡಿಸುವುದಿಲ್ಲವಂತೆ, ಒಂದು ದುಂಡು ಹಲಗೆಯ ಮೇಲೆ ನಿಲ್ಲಿಸುತ್ತಾರಂತೆ, ಆ ಹಲಗೆಯೇ ನಿಧಾನಕ್ಕೆ ತಿರುಗುತ್ತದಂತೆ. ಗಾಡಿ ನಿಂತಿರುತ್ತೆ, ನೆಲ ಓಡುತ್ತೆ! ನನಗೆ ನಗು ತಡೆಯಲಾಗಲಿಲ್ಲ. ಮುಟ್ಟಬಹುದಾ ಎಂದು ಕೇಳಿದೆ. ಹಗ್ಗ ಕಟ್ಟಿರುತ್ತೇವೆ ಅಂದ. ಹಾಗಾದರೆ ಬಂದವರು ಏನು ಮಾಡುತ್ತಾರೆ ಅಂದರೆ, ಫೋಟೋ ತೆಗೆದುಕೊಳ್ಳುತ್ತಾರೆ ಅಂದ. ಕೊನೆಗೆ ಮೆಲ್ಲಗೆ ಇನ್ನೊಂದು ಮಾತು ಬಿಟ್ಟ. ಮೇಳಕ್ಕೆಂದೇ ಮಾಡಿಸಿರುವ ಆ ಥಳಥಳ ಗಾಡಿಯೊಳಗೆ ಮೋಟಾರೇ ಇಲ್ಲ, ಬರೀ ಮೈ, ದೀಪ ಮಾತ್ರ ಹತ್ತುತ್ತೆ. ನಿಜವಾಗಿ ಓಡುವುದು ಸದ್ಯಕ್ಕೆ ಒಂದೇ, ಅದು ನಮ್ಮ ಅಂಗಳದಲ್ಲಿದೆ.

ಅಲ್ಲಿಗೆ ನನ್ನ ನಗು ನಿಂತಿತು. ಯಾಕೆಂದು ಹೇಳುತ್ತೇನೆ. ಮೋಟಾರ್ ಸೈಕಲ್ ಪ್ರದರ್ಶನ ಒಂದನ್ನು ನಾನೂ ನೋಡಿದ್ದೇನೆ. ಅದು ನನ್ನ ಮದುವೆ.

ತೊಂಬತ್ತೈದರಲ್ಲಿ, ಮದ್ದೂರಿನ ಛತ್ರದಲ್ಲಿ. ನಿನ್ನ ತಾತ ಬೋರಯ್ಯನವರು ಛತ್ರದ ಬಾಗಿಲಲ್ಲಿ, ಬಾಳೆಕಂದಿನ ಪಕ್ಕಕ್ಕೆ, ಹೊಸ ಕೆಂಪು ಮೋಟಾರ್ ಸೈಕಲ್ ನಿಲ್ಲಿಸಿದ್ದರು. ಹ್ಯಾಂಡಲ್ಲಿಗೆ ರಿಬ್ಬನ್ನು, ದೀಪಕ್ಕೆ ಚೆಂಡು ಹೂವಿನ ಹಾರ. ವರದಕ್ಷಿಣೆ ಎನ್ನುವ ಪದವನ್ನು ಯಾರೂ ಆಡಲಿಲ್ಲ. 'ಅಳಿಯಂಗೊಂದು ಗಾಡಿ' ಅಂದರು, ಅಷ್ಟೆ. ನಾನು ಹೆಣ್ಣಿನ ಕೋಣೆಯ ಕಿಟಕಿಯಿಂದ ನೋಡುತ್ತಿದ್ದೆ. ಬಂದವರೆಲ್ಲ ಮೊದಲು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಸೀಟು ಒತ್ತಿ ನೋಡಿ, ಆಮೇಲೆ ಒಳಗೆ ಬರುತ್ತಿದ್ದರು. ಮಕ್ಕಳನ್ನು ಎತ್ತಿ ಅದರ ಮೇಲೆ ಕೂರಿಸಿದರು. ಧಾರೆಯ ಹೊತ್ತಿಗೂ ಗಂಡಸರಲ್ಲಿ ಅರ್ಧಕ್ಕರ್ಧ ಜನ ಹೊರಗೇ ಇದ್ದರು. ನನ್ನನ್ನು ನೋಡಿದವರಿಗಿಂತ ಗಾಡಿ ನೋಡಿದವರೇ ಹೆಚ್ಚು ಕಣೇ. ಸುಳ್ಳೇಕೆ ಹೇಳಲಿ, ನನಗೂ ಅದರ ಮೇಲೇ ಕಣ್ಣಿತ್ತು. ಬೆಳಗ್ಗೆ ಯಾರೂ ಏಳುವ ಮುಂಚೆ ಹೋಗಿ ಒಂದು ಸಲ ಹಾರನ್ ಒತ್ತಿ ಓಡಿ ಬಂದಿದ್ದೆ.

ಊಟ ಆಯಿತು. ಗಂಡು ಹೆಣ್ಣು ಗಾಡಿಯ ಮೇಲೇ ಊರಿಗೆ ಹೊರಡಬೇಕು, ಫೋಟೋದವನು ಕಾಯುತ್ತಿದ್ದ. ನಿಮ್ಮಪ್ಪ ಪೇಟ ಕಟ್ಟಿಕೊಂಡು ಕಿಕ್ಕು ಹೊಡೆದರು. ಹೊಡೆದೇ ಹೊಡೆದರು. ಪೇಟ ಜಾರಿ ಮೂಗಿನ ಮೇಲೆ ಬಂತು, ಗಾಡಿ ಕೆಮ್ಮಲೂ ಇಲ್ಲ. ಮೆರೆಯುವ ಹುಡುಗರು ಯಾರಾದರೂ ಓಡಿಸಿಬಿಟ್ಟಾರೆಂದು ನಮ್ಮ ಚಿಕ್ಕಪ್ಪ ಲಿಂಗಯ್ಯ ಪೆಟ್ರೋಲನ್ನೆಲ್ಲ ಇಳಿಸಿ, ಕ್ಯಾನಿನ ಸಮೇತ ಊರಿಗೆ ಹೋಗಿಬಿಟ್ಟಿದ್ದ. ಕೊನೆಗೆ ನಿಮ್ಮಪ್ಪ ಗಾಡಿ ತಳ್ಳಿಕೊಂಡು ಮುಂದೆ, ಬಾಸಿಂಗ ಕಟ್ಟಿಕೊಂಡ ನಾನು ಹಿಂದೆ, ಬಂಕಿನ ತನಕ ಪೇಟೆ ಬೀದಿಯಲ್ಲಿ ಮೆರವಣಿಗೆ. ಬೆಳಗ್ಗೆ ಗಾಡಿಯನ್ನು ಹೊಗಳಿದವರೇ ಸಂಜೆ ನಿಮ್ಮಪ್ಪನಿಗೆ 'ತಳ್ಳುಗಾಡಿ ಚಲುವ' ಎಂದು ಹೆಸರಿಟ್ಟರು. ಶಿವನಸಮುದ್ರದ ಹತ್ತಿರ ಬ್ಲಫ್‌ನ ಪವರ್ ಹೌಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಹೆಸರು ಅವರನ್ನು ಹುಡುಕಿಕೊಂಡು ಹೋಯಿತು. ನಿನಗೆ ಯಾರೂ ಇದನ್ನು ಹೇಳಿರಲಿಲ್ಲ, ಅಲ್ಲವಾ?

ಹಾಗಾಗಿ ಮೇಳದ ವಿಚಾರ ನಿಮ್ಮಪ್ಪನನ್ನು ಕೇಳಿದರೆ ಏನು ಉತ್ತರ ಬರುತ್ತೆಂದು ನೀನೇ ಊಹಿಸು. 'ತೋರ್ಸಕ್ ಓಗ್ಬೇಡ ಅನ್ನು ಅವ್ಳಿಗೆ. ಬೇಕಾದೋನು ಓಡ್ಸಿ ನೋಡ್ಲಿ, ಇಡುಸ್ದ್ರೆ ತಗಳ್ಳಿ. ಊವಾ ಮುಡ್ಸಿ ನಿಲ್ಸುದ್ ಗಾಡಿ ಯಾವತ್ತಾದ್ರೂ ಮಾನ ಉಳ್ಸಿದ್ದದ್ದಾ?' ಅಂದರು. ಮೊದಲು ನನಗೂ ಅದೇ ಸರಿ ಅನ್ನಿಸಿತು. ಬೇಡ ಎಂದು ಬರೆದುಬಿಡೋಣ ಅಂತಲೇ ಕೂತಿದ್ದೆ.

ಅಷ್ಟರಲ್ಲಿ ಅಂಗಳದ ಕಡೆ ಕಣ್ಣು ಹೋಯಿತು.

ಗೌರಿ ಹಬ್ಬದ ಹೊತ್ತಿಗೆ ನೀನು ಆ ಗಾಡಿಯನ್ನು ಇಲ್ಲಿ ತಂದು ನಿಲ್ಲಿಸಿ, ಊರಿನ ರಸ್ತೆಯಲ್ಲಿ ಓಡಿಸಿ ನೋಡಲು ನನ್ನ ತಮ್ಮ ಮಹದೇವನಿಗೆ ವಹಿಸಿ ಹೋದೆ. ಹೆಸರಿಲ್ಲ, ಮೇಲೊಂದು ಬಟ್ಟೆ ಹೊದಿಸಿದೆ. ನಮ್ಮೂರಲ್ಲಿ ಮದುವೆ ವಯಸ್ಸಿನ ಹುಡುಗಿ ಇರುವ ಮನೆಯ ಮುಂದೆ ಬಟ್ಟೆ ಹೊದ್ದ ಹೊಸ ಗಾಡಿ ನಿಂತರೆ ಏನರ್ಥ ಎಂದು ಇಂಜಿನಿಯರಮ್ಮನಿಗೆ ಹೊಳೆಯಲೇ ಇಲ್ಲ! ಮಾರನೆ ದಿನವೇ ಪಕ್ಕದ ಮನೆ ಚಿಕ್ಕಬೋರಮ್ಮ ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. 'ಗಂಡು ಯಾವೂರ್ದು ಕಣಮ್ಮಿ ನಾಗರತ್ನ? ಗಾಡಿ ತಂದು ಮಡಗ್ಬುಟ್ಟಿದ್ದೀಯಾ, ನಂಗೊಂದು ಮಾತೂ ಏಳ್ನಿಲ್ವಲ್ಲ?' ಇದು ಗಂಡಿಗೆ ಕೊಡಲು ತಂದದ್ದಲ್ಲ, ದೀಪುನೇ ಮಾಡಿದ್ದು ಅಂದೆ. ನಂಬಲಿಲ್ಲ. ಬಟ್ಟೆ ಎತ್ತಿ ತೋರಿಸಿದೆ. ಬಹಳ ಹೊತ್ತು ನೋಡಿ, 'ಎಣ್ಣೈಕ್ಳೂ ಗಾಡಿ ಮಾಡ್ತಾರಾ? ಅಂಗಾರೆ ಗಂಡಿಗೇನ್ ಕೊಡ್ತೀರಿ?' ಅಂದಳು.

ಆವತ್ತಿನಿಂದ ನಮ್ಮ ಅಂಗಳದಲ್ಲೇ ಮೇಳ ನಡೆಯುತ್ತಿದೆ. ಡೇರಿಗೆ ಹಾಲು ಹಾಕಲು ಬಂದವರು ಇಲ್ಲೊಮ್ಮೆ ಹಣಕದೆ ಹೋಗುವುದಿಲ್ಲ. ಎರಡು ಕ್ಯಾನು ಕಟ್ಟಿದರೆ ಕೆರೆ ಏರಿ ಹತ್ತುತ್ತಾ? ಕಬ್ಬಿನ ಗದ್ದೆಯ ಕೆಸರಲ್ಲಿ ಕರೆಂಟು ಹೊಡೆಯಲ್ಲವಾ? ಚಿಕ್ಕಬೋರಮ್ಮ ಸೀರೆಯಲ್ಲೇ ಹಿಂದಿನ ಸೀಟು ಹತ್ತಿ ಕೂತು, 'ಕಾಲ್ ಎಲ್ ಮಡಗ್ಲಿ ಏಳು' ಎಂದು ಗದರಿದಳು. ಒಂದೇ ಕಡೆಗೆ ಕಾಲು ಹಾಕಿ ಕೂರುವವರಿಗೆ ನೀವು ಕಾಲಿಡಲು ಪಟ್ಟಿಯನ್ನೇ ಕೊಟ್ಟಿಲ್ಲ ಎಂದು ಗೊತ್ತಾದದ್ದು ಹಾಗೆ. ಹಗ್ಗ ಕಟ್ಟಿದ್ದರೆ ಗೊತ್ತಾಗುತ್ತಿತ್ತಾ?

ಮಹದೇವನ ವರದಿಗಳನ್ನು ನಾನೇ ಬರೆದು ನಿನ್ನ ಫೋನಿಗೆ ಕಳಿಸುತ್ತಾ ಬಂದಿದ್ದೇನೆ. ಬಲಗೈ ಬ್ರೇಕು ಬಿಗಿ, ಸೀಟು ಎತ್ತರ, ಮಳವಳ್ಳಿ ರಸ್ತೆಯ ಹಂಪುಗಳಲ್ಲಿ ಕುಲುಕುವುದಿಲ್ಲ. ಮೊನ್ನೆ ಬ್ಲಫ್‌ತನಕ ಹೋಗಿ, ನಿಮ್ಮಪ್ಪನ ಕ್ವಾರ್ಟರ್ಸಿನಲ್ಲಿ ಚಾರ್ಜು ಮಾಡಿಕೊಂಡು, ಅಲ್ಲೇ ಹುಟ್ಟಿದ ಕರೆಂಟನ್ನು ಅಲ್ಲೇ ತುಂಬಿಕೊಂಡು ಬಂದದ್ದನ್ನೂ ತಿಳಿಸಿದೆ. ಆರಡಿ ಆಳು ಮಹದೇವನಿಗೆ ಸೀಟು ಎತ್ತರವಾಗುತ್ತದಂತೆ ಎಂದು ನೀವೆಲ್ಲ ಕಾರ್ಖಾನೆಯಲ್ಲಿ ನಕ್ಕಿರಂತೆ. ನಗಬೇಡಿ, ಅದನ್ನು ಸರಿಮಾಡಿ.

ಈಗ ನನ್ನ ಮಾತು. ದೀಪೂ, ಮೇಳಕ್ಕೆ ಹೋಗು.

ಬೇಡ ಅನ್ನಲು ನನಗೆ ನೂರು ನೆಪ ಸಿಗುತ್ತಿದ್ದವು. ದೊಡ್ಡ ಕಂಪನಿಯವರು ನಕಲು ಮಾಡುತ್ತಾರೆ, ದೃಷ್ಟಿ ಆಗುತ್ತೆ, ಊರಿಗೆಲ್ಲ ಹೇಳಿಕೊಂಡ ಮೇಲೆ ಹೇಳಿದ ದಿನಕ್ಕೆ ಗಾಡಿ ಕೊಡಲಾಗದಿದ್ದರೆ ಬಾಯಿಗೆ ಬಂದಂತೆ ಆಡುತ್ತಾರೆ. ಎಲ್ಲವೂ ನಿಜವೇ. ಆದರೆ ಕಣ್ಣೆದುರು ನಿಲ್ಲದ ವಸ್ತುವನ್ನು ಯಾರು ತಾನೇ ನನಗೂ ಬೇಕು ಅಂದುಕೊಳ್ಳುತ್ತಾರೆ? ಇದು ನನ್ನಂಥವರಿಗಲ್ಲ ಎಂದು ಜೀವಮಾನವೆಲ್ಲ ಅಂದುಕೊಂಡವರೂ ದಿನಾ ಬೆಳಗ್ಗೆ ಮುಖ ತೊಳೆಯುವಾಗ ಎದುರಿಗೇ ಕಾಣುತ್ತಿದ್ದರೆ, ಒಂದು ದಿನ ಹೋಗಿ ಮುಟ್ಟುತ್ತಾರೆ. ತೋರಿಸುವುದರಲ್ಲಿ ತಪ್ಪಿಲ್ಲ. ಪೆಟ್ರೋಲು ಇಳಿಸಿ ತೋರಿಸಿದ್ದು ತಪ್ಪು.

ಅದಕ್ಕೇ ಆ ಥಳಥಳ ಬೊಂಬೆಯನ್ನು ಕಾರ್ಖಾನೆಯಲ್ಲೇ ಬಿಟ್ಟುಬಿಡಿ. ನಮ್ಮ ಅಂಗಳದ ಗಾಡಿಯನ್ನೇ ಒಯ್ಯಿರಿ. ಕ್ಯಾನು ತಗುಲಿ ಗೀರು ಬಿದ್ದಿದೆ, ಒರೆಸಬೇಡಿ. ಹಗ್ಗ ಕಟ್ಟಬೇಡಿ. ತೇಜು ಮುಖ ಸಿಂಡರಿಸಿದರೆ ನನ್ನ ಮದುವೆ ಕಥೆ ಹೇಳು. ಗಾಡಿಯನ್ನು ಕಳಿಸಿಬಿಡುವುದು ನನಗೆ ಸುತರಾಂ ಇಷ್ಟವಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಹದೇವನಿಗೆ ಬೇಜಾರಾಗುತ್ತಲ್ಲ, ಅದಕ್ಕೆ. ಗುರುವಾರ ಡೇರಿಯ ವ್ಯಾನಿನಲ್ಲಿ ಹಾಕಿ ಕಳಿಸುತ್ತೇನೆ.

ಒಂದು ಮಾತು ನಡೆಸಿಕೊಡು ಮಗಳೇ. ಮೇಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಬ್ಯಾಗು ಹಿಡಿದುಕೊಂಡು ದೂರ ನಿಂತು ನೋಡುತ್ತಿದ್ದರೆ, ಯಜಮಾನರಿಗಾ ಮಗನಿಗಾ ಎಂದು ಕೇಳಬೇಡ. ಹತ್ತಿರ ಕರೆದು ಕೀ ಕೊಡು.

ಹೊತ್ತಿಗೆ ಸರಿಯಾಗಿ ಉಣ್ಣು. ಹಾಲಿನ ಗಂಟೆ ಆಯಿತು, ಚಿಕ್ಕಬೋರಮ್ಮ ಆಗಲೇ ಕೂಗುತ್ತಿದ್ದಾಳೆ.

ನಿನ್ನ ಗಾಡಿಗೂ ನಿನಗೂ ದೃಷ್ಟಿ ತೆಗೆದು,
ನಿನ್ನ ಅಮ್ಮ
ನಾಗರತ್ನ

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಸಂಜೆ ಹಾಲು ಮುಗಿಸಿ ಬಂದು ಬರೆಯುತ್ತಿದ್ದೇನೆ. ಸೀಟು ಎತ್ತರವಾದದ್ದು ನನಗೆ. ಮಹದೇವ ಮೊದಲನೇ ವಾರವೇ 'ಅಕ್ಕಾ, ಇದು ಸದ್ದೇ ಮಾಡಾಕಿಲ್ಲ, ನಂಗ್ಯಾಕೋ ಎದ್ರಿಕೆ ಆಯ್ತದೆ' ಎಂದು ಕೈಬಿಟ್ಟ. ಕಲಿಸುವಾಗ ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡದ್ದಷ್ಟೇ ಅವನ ಕೆಲಸ. ಚೂಡಿದಾರ ಬೇಕಾಗಿದ್ದವಳು ನಾನೇ, ಪಕ್ಕದ ಹೊಲಿಗೆ ಬಿಚ್ಚಿಸಿಕೊಂಡಿದ್ದೇನೆ. ಮಂಡ್ಯಕ್ಕೆ ಬಂದದ್ದು ಕಣ್ಣಿಗಲ್ಲ, ಲೈಸೆನ್ಸಿನ ಪರೀಕ್ಷೆಗೆ. ಪಾಸಾದೆ. ಬ್ಲಫ್‌ಗೆ ಒಬ್ಬಳೇ ಹೋಗಿದ್ದೆ. ಪಾಳಿ ಮುಗಿಸಿ ಗೇಟಿನಿಂದ ಹೊರಗೆ ಬಂದ ನಿಮ್ಮಪ್ಪ ಗಾಡಿಯ ಕಡೆ ಕಣ್ಣೂ ಹಾಯಿಸಲಿಲ್ಲ ಕಣೇ, ನನ್ನನ್ನೇ ನೋಡುತ್ತಾ ನಿಂತುಬಿಟ್ಟರು. ಗುರುವಾರ ವ್ಯಾನು ಕಾಯಬೇಡ, ನಿಮ್ಮ ಕಾರ್ಖಾನೆಯ ಗೇಟಿನ ಹತ್ತಿರ ನಿಂತಿರು, ನಾನೇ ಓಡಿಸಿಕೊಂಡು ಬರುತ್ತೇನೆ. ನಿಮ್ಮಪ್ಪನೂ ರಜೆ ಹಾಕಿ ಹಿಂದೆ ಕೂರುತ್ತಾರಂತೆ. 'ಚಾರ್ಜು ಪೂರ್ತಿ ತುಂಬುಸ್ಕ, ಈ ಸಲ ತಳ್ಳಂಗಾದ್ರೆ ನೀನೇ ತಳ್ಳು' ಅಂದರು.