ಅಪ್ಪನ ಹೊಸ ಪಟಕಾ

20 ಜನವರಿ, ಮಂಗಳವಾರ

ಇಂದೂ ಎರಡು ಸಿನಿಮಾ ನೋಡಿದ್ದಾಯಿತು. ಮುದ್ದೇಬಿಹಾಳದ ನಮ್ಮ ಕಾಲೇಜಿನ ಚಿತ್ರೋತ್ಸವಕ್ಕೆ ನಾನೂ ಜಡ್ಜ್. 'ಧರ್ಮ, ಸಮುದಾಯಗಳ ಚಿತ್ರಣ' — ಮಾರ್ಕ್ಸ್ ಹಾಳೆಯ ಆ ಕಾಲಂ ನನ್ನದಂತೆ. ಸ್ಟಾಫಿನಲ್ಲಿ ಮುಸ್ಲಿಂ ನಾನೊಬ್ಬಳೇ, ಇನ್ಯಾರಿಗೆ ಕೊಡುತ್ತಾರೆ!

ಕೊಲ್ಹಾರದಿಂದ ಅಪ್ಪನ ಫೋನು. ಹೋದ ವರ್ಷ ಅವನೂ ಗೆಳೆಯ ಮಲ್ಲಣ್ಣ ಕಾಕಾನೂ ಪಾರ್ಟು ಮಾಡಿದ ಸಿನಿಮಾ ಈ ಉತ್ಸವದಲ್ಲಿದೆ. "ಮೂವತ್ತೊಂದಕ್ಕ ಇಬ್ರೂ ಬರ್ತೇವಿ ಯವ್ವಾ. ಮುಂದಿನ ಕುರ್ಚಿ ಹಿಡಿದಿಡು. ಹೊಸಾ ಪಟಕಾ ತಗೊಂಡೇನಿ."

ಪಟಕಾ! ಶೂಟಿಂಗಿನಲ್ಲಿ ತಲೆಗೆ ಸುತ್ತಿದ್ದ ಆ ರುಮಾಲನ್ನೇ ಬಿಚ್ಚಿಸಿದ್ದರು. ಧೋತರ, ಪಟಕಾ ಇದ್ದರೆ ಮುಸಲ್ಮಾನ ಅಂತ ಯಾರೂ ನಂಬುವುದಿಲ್ಲವಂತೆ. ಟೋಪಿ ಇಟ್ಟು, ಕಣ್ಣಿಗೆ ಸುರ್ಮಾ ಹಚ್ಚಿ, ಕೈಗೆ ಕೊಯ್ತಾ ಕೊಟ್ಟು ಕಬ್ಬು ಕಡಿಸಿದರು.

23 ಜನವರಿ, ಸಂಜೆ

ಅಪ್ಪನ ಸಿನಿಮಾ ನೋಡಿದೆ...

ಅಪ್ಪ ಕೊಯ್ತಾ ಎತ್ತುತ್ತಾನೆ. ಮರುಕ್ಷಣ ಮಲ್ಲಣ್ಣ ಕಾಕಾ ಬೀಳುತ್ತಾನೆ. ಕಬ್ಬಿನ ಮೇಲೆಲ್ಲ ರಕ್ತ. ಅಪ್ಪ ಕಡಿದದ್ದು ಬರೀ ಕಬ್ಬು. ಕಾಕಾ ಬಿದ್ದದ್ದು ಬೇರೆ ದಿನ, ಹಾವು ಕಂಡವರ ಹಾಗೆ ಬೀಳು ಅಂದಿದ್ದರಂತೆ. ಎರಡನ್ನೂ ಜೋಡಿಸಿ ಕೊಲೆಯಾಗಿಸಿದ್ದಾರೆ. ನಾಚಿಕೆಗೆಟ್ಟವರು!

ಸೊನ್ನೆ ಹಾಕಿದೆ. ಚೇರ್ಮನ್ ಅಮೋಘಸಿದ್ಧ ಸರ್ ನಕ್ಕರು. "ನಿಮ್ಮಪ್ಪನ ಸಿನಿಮಾಕ್ಕ ನೀವ ಮಾರ್ಕ್ಸ್ ಹಾಕೂದು ಸರಿ ಅಲ್ರಿ ಮೇಡಂ. ಆ ಹಾಳಿ ಇಲ್ಲೆ ಕೊಡ್ರಿ."

ಕೊಟ್ಟು ಬಂದೆ. ಹೇಡಿ ನಾನು.

24 ಜನವರಿ

ಅಪ್ಪನಿಗೆ ಹೇಳಲೆಂದೇ ಫೋನು ಹಚ್ಚಿದೆ. "ಮಸೂತಿ ಮುಂದ, ಕಿರಾಣಿ ಅಂಗಡ್ಯಾಗ, ಎಲ್ಲಾರಿಗೂ ಹೇಳೇನಿ!" ಅಂದ. ಎಂಥಾ ಖುಷಿ ಆ ದನಿಯಲ್ಲಿ. ನಾಳೆ ಹೇಳಿದರಾಯಿತು.

31 ಜನವರಿ, ಶನಿವಾರ

ಹೇಳಲಿಲ್ಲ.

ಆ ಸಿನಿಮಾಕ್ಕೇ ಮೊದಲ ಬಹುಮಾನ. ಆ ದೃಶ್ಯ ಬಂದಾಗ ಹಿಂದಿನ ಸಾಲಿನ ಹುಡುಗರು "ಹೊಡೀರಿ ಅವನ್ನ!" ಅಂತ ಪರದೆಗೆ ಕೂಗಿದರು. 'ಅವನು' ಅವರ ಮುಂದೆಯೇ ಕೂತಿದ್ದ, ಹೊಸ ಪಟಕಾ ಸುತ್ತಿಕೊಂಡು. ಒಬ್ಬರಿಗೂ ಗುರುತು ಸಿಗಲಿಲ್ಲ.

ಕಾಕಾ ಕೊನೆಯವರೆಗೂ ಅಪ್ಪನ ಕೈ ಬಿಡಲಿಲ್ಲ. ಹೊರಗೆ ಬಂದು ಅಪ್ಪನಿಗೆ ಒಂದೇ ಮಾತು: "ಖಾಜಾ, ನಡಿ. ಬಸ್ಸು ತಪ್ಪತೈತಿ."

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಪಟಕಾ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಮಡಚಿದ, ಮತ್ತೆ ಬಿಚ್ಚಿದ.

"ಯವ್ವಾ, ನೀ ಮೊದಲ ನೋಡಿದ್ದಿ, ಹೌದಲ್ಲ?"

ಕಾಕಾನೂ ನನ್ನತ್ತ ನೋಡಿದ.

"ಇಲ್ಲಪಾ," ಅಂದೆ. "ನಾನೂ ಇವತ್ತ..."