ದಿಬ್ಬದೊಳಗಿನ ಸೊನ್ನೆ

ಅಕ್ಟೋಬರ್ 7
ಬ್ಯಾಂಕ್ ಸಾಲದ ವರದಿಗಾಗಿ ಬೆಳಗ್ಗೆ ಎರಡು ಮನೆ ಅಳೆದಾಯಿತು. ಎಂದಿನಂತೆ ಹೊರಗೋಡೆಯಿಂದ ಹೊರಗೋಡೆಗೆ. ಮೂರನೆಯದು ಸೇಂಟ್ ಕ್ಲೌಡ್ ಪೇಟೆಯಾಚೆ, ಆರ್ವಿಲ್ ಟ್ವೀಟನ್ ಎಂಬ ಹಿರಿಯರು ಮಾರಲಿಟ್ಟದ್ದು. ವಿಳಾಸ ಸರಿ — ಮನೆಯೇ ಇಲ್ಲ! ಹುಲ್ಲು ದಿಬ್ಬ, ನಡುವೆ ಹೊಗೆಕೊಳವೆ. ದಿಬ್ಬ ಹತ್ತಿ, ಇಳಿದು ದಕ್ಷಿಣಕ್ಕೆ ಬಂದರೆ ಉದ್ದಕ್ಕೂ ಗಾಜಿನ ಗೋಡೆ.
ಟ್ವೀಟನ್ ಬಾಗಿಲಲ್ಲಿ ನಿಂತಿದ್ದರು. “ಮನೆ ತಲೆ ಮೇಲೇ ನಡ್ಕೊಂಡ್ ಬಂದ್ಯಲ್ಲಮ್ಮ!”
ಮೂರು ಕಡೆ ಮಣ್ಣು. ಟೇಪ್ ಎಲ್ಲಿ ಹಿಡಿಯುವುದು? ಒಳಗಿನಿಂದಲೇ ಅಳೆದೆ. ಎಂಥ ಬೆಳಕು ಒಳಗೆ!

ಸಂಜೆ
ನಿಯಮ ಮತ್ತೆ ಓದಿದೆ. ಅಂತಸ್ತಿನ ಒಂದು ಬದಿ ಮಣ್ಣಿನೊಳಗಿದ್ದರೂ ಇಡೀ ಅಂತಸ್ತು ನೆಲಮಾಳಿಗೆ. ಅದು ಮನೆಯ ವಿಸ್ತೀರ್ಣಕ್ಕೆ ಸೇರದು. ಅಂದರೆ... ಮೂರು ಕೋಣೆ, ಅಡುಗೆಮನೆ, ಹಜಾರ — ಒಟ್ಟು ಸೊನ್ನೆ.

ಅಕ್ಟೋಬರ್ 9
ಮನೆ ಕೊಳ್ಳುವವಳ ಹೆಸರು ಹೋದನ್, ಸೊಮಾಲಿ ನರ್ಸ್. ನನ್ನ ಅಳತೆ ನೋಡಿಯೇ ಬ್ಯಾಂಕ್ ಸಾಲ ಕೊಡಬೇಕು; ಸೊನ್ನೆಗೆ ಸಾಲವಿಲ್ಲ. ನಮ್ಮ ಆಫೀಸಿನ ಡ್ಯಾರೆಲ್‌ಗೆ ನಗು. “ನೆಲದ ಮೇಲಿದೆ ಅಂತ ಬರ್ದ್ಬಿಡು ಮಾರ್ಲಿಸ್. ಯಾರ್ ಬಂದು ಅಗೀತಾರೆ?”
ಬರೆಯಲಾರೆ. ಸುಳ್ಳು ಸುಳ್ಳೇ.

ಅಕ್ಟೋಬರ್ 10
ಟ್ವೀಟನ್‌ರಿಗೆ ಹೇಳಲು ಹೋದೆ. ಹೋದನ್ ಕೂಡ ಅಲ್ಲೇ ಇದ್ದಳು.
“ಸೊನ್ನೆನಾ? ಹಂಗಾದ್ರೆ ನನ್ ಮೂರು ಮಕ್ಕಳು ಬೆಳೆದಿದ್ದೆಲ್ಲಿ?” ನಕ್ಕರು. ಆಮೇಲೆ ಕಾಫಿ ಕಲಕುತ್ತಾ, “ಇದನ್ನ ಕಟ್ಟೋವಾಗ ಚಳಿಗೆ ಉರಿಸೋ ಎಣ್ಣೆ ಬೆಲೆ ಮುಗಿಲಿಗೇರಿತ್ತು. ಮಣ್ಣೊಳಗೆ ಬೆಚ್ಚಗಿರುತ್ತೆ ಅಂದೆ. ಊರೆಲ್ಲ ಹುಚ್ಚ ಅಂತು. ನನ್ ಹೆಂಡ್ತಿ ಲರೇನ್ ಮಾತ್ರ ಸಲಿಕೆ ತಗೊಂಡ್ ಬಂದ್ಲು. ಈಗ ಅವ್ಳಿಲ್ಲ.”
ಹೊರಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಹೀಟರ್ ಹಚ್ಚಿರಲಿಲ್ಲ. ಆದರೂ ಕೋಟು ತೆಗೆದಿಟ್ಟೆ.
ಹೋದನ್ ಹೇಳಿದಳು, “ನಂದು ನೈಟ್ ಡ್ಯೂಟಿ. ಹಗಲು ಮಲಗೋಕೆ ಇಂಥ ಮೌನ ಬೇರೆಲ್ಲಿ ಸಿಗುತ್ತೆ? ಏನಾದ್ರೂ ದಾರಿ ಇದೆಯಾ, ನೋಡಿ.”

ಅಕ್ಟೋಬರ್ 14
ಇದೆ! ಮಣ್ಣೊಳಗಿನ ಮನೆಗಳಿಗೆ ಸಾಲದ ನಿಯಮದಲ್ಲೇ ಒಂದು ವಿನಾಯಿತಿ — ಕಾರಣ ವಿವರಿಸಿದರೆ ಆ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬಹುದು. ಬೆಲೆ ಹೋಲಿಸಲು ಜಿಲ್ಲೆಯಲ್ಲಿ ಮಾರಾಟವಾದ ಇಂಥವೇ ಎರಡು ಮನೆ ಹುಡುಕಿಕೊಂಡು ಹೋದೆ. ಒಂದರ ಮಾಡಿನ ಮೇಲೆ ಆಡುಗಳು ಮೇಯುತ್ತಿದ್ದವು.
ವರದಿಯಲ್ಲಿ ನೆಲದ ಮೇಲೆ ಸೊನ್ನೆ, ಕೆಳಗೆ ಇಡೀ ಮನೆ ಎಂದೇ ಬರೆದೆ. ಕಾರಣವನ್ನೂ.
“ಸೊನ್ನೆ ನೋಡಿದ್ರೆ ಬ್ಯಾಂಕಿನವ್ರು ಮುಂದೆ ಓದೋದೇ ಇಲ್ಲ,” ಎಂದ ಡ್ಯಾರೆಲ್.

ಅಕ್ಟೋಬರ್ 29
ಓದಿದ್ದಾರೆ. ಸಾಲ ಮಂಜೂರು. ಹೋದನ್ ಫೋನಿನಲ್ಲಿ ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ನವೆಂಬರ್ 30
ಹೋದನ್ ದಿಬ್ಬದ ಮನೆಗೆ ಚಹಾಕ್ಕೆ ಕರೆದಿದ್ದಳು; ಈಗದು ಅವಳದೇ. ಏಲಕ್ಕಿ ಘಮ, ಬಿಸಿ ಸಂಬೂಸಾ, ಅವಳ ಊರಿನ ಸಮೋಸ. ಟ್ವೀಟನ್ ಕೂಡ ಬಂದಿದ್ದರು. ಈಗ ಅವರಿರುವುದು ಪೇಟೆಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ.
“ಅಲ್ಲಿ ಗಾಳಿ ಸದ್ದು ಕೇಳುತ್ತಮ್ಮ. ಇಷ್ಟು ವರ್ಷ ಮನೆಯೊಳಗೆ ಕೇಳೇ ಇರ್ಲಿಲ್ಲ.”
“ನಿದ್ದೆ ಬರುತ್ತಾ?” ಎಂದೆ.
“ಎದ್ದು ಕೂತು ಕೇಳ್ತೀನಿ. ಒಂದೊಂದ್ಸಲ ಯಾರೋ ಮಾತಾಡಿದ ಹಾಗೇ...”
ಯಾರು ಎಂದು ಕೇಳಬೇಕೆಂದಿದ್ದೆ. ಅವರು ಆಗಲೇ ಗಾಜಿನತ್ತ ತಿರುಗಿ, ಲರೇನ್ ಮೊದಲ ಸಲಿಕೆ ಮಣ್ಣು ತೆಗೆದ ಜಾಗ ತೋರಿಸುತ್ತಿದ್ದರು.